ಹಳದಿ ಎಲೆ

ಅನ್ನಮಯಕೋಶದಲ್ಲಿ ನೆಲೆಸಿದ ಅನಿರುದ್ಧನಿಗೆ ವಂದನೆ.

ಬಾಳೆಲೆಯೇ ರಕ್ತಪರೀಕ್ಷೆ ಮಾಡುವ ಕಾಲವದು. ತುದಿಗೆ ಬೆರಳಿನ ರಕ್ತ ಹನಿಸಿದರೆ ಸಾಕು. ಕೊಬ್ಬೇರಿದ್ದರೆ, ರೋಗ ತಲೆಯೆತ್ತುವ ಮುನ್ನವೇ, ಎಲೆ ಮೆಲ್ಲನೆ ಹಳದಿಯಾಗುತ್ತಿತ್ತು. ಹಳದಿ ಎಲೆಗೆ ಹೋಳಿಗೆಯಿಲ್ಲ. ಹೋಳಿಗೆ ತಪ್ಪೀತೆಂದು ಹೆದರಿದ ಸ್ಥೂಲಕಾಯ ಶೇಷಾಚಾರ್ಯರು, ಕಡ್ಡಿಯಂತಿದ್ದ ಭಾವ ಗುಂಡಾಚಾರ್ಯರು ಹನಿಯಿಟ್ಟು ಕೈತೊಳೆಯಲು ಹೋದಾಗ, ಹನಿ ಬಿದ್ದಿದ್ದ ಇಬ್ಬರ ಎಲೆಗಳನ್ನೂ ಅದಲುಬದಲು ಮಾಡಿದರು. ಎಲೆಯ ಸುತ್ತ ನೀರು ಸುತ್ತಿ ಪರಿಷೇಚನೆಯಾಯಿತು, ಇನ್ನು ಎಲೆ ಬಿಟ್ಟೇಳುವಂತಿಲ್ಲ.

ಶೇಷಾಚಾರ್ಯರ ಮುಂದಿದ್ದ ಎಲೆ ಹಳದಿಯಾಯಿತು! ಭಾವನ ಎಲೆಗೆ ತುಪ್ಪದ ಹೋಳಿಗೆ ಬಿತ್ತು.

“ಹೊಟ್ಟೆ ನೋಡ್ಕೋ ಶೇಷು” ಎನ್ನುತ್ತ ಭಾವ ತುತ್ತು ಮುರಿದರು.

ಶೇಷಾಚಾರ್ಯರು ಅವರ ಕೈಹಿಡಿದರು. “ತಿನ್ಬೇಡಿ ಭಾವ! ಈ ಹಳದಿ ನಿಮ್ಮ ರಕ್ತದ್ದು. ಎಲೆ ಬದಲಿಸಿದ ಪಾಪಿ ನಾನು.”

“ಹಾಗಾದ್ರೆ ಈ ಹೋಳಿಗೆ ನಿಂದೇ, ತಿನ್ನು!”

“ಎಂಜಲಾಯ್ತಲ್ಲ ಭಾವ!” ಎಂದು ನಿಟ್ಟುಸಿರಿಟ್ಟು ಶೇಷಾಚಾರ್ಯರು ಕೋಸಂಬರಿಗೆ ಕೈಹಾಕಿದರು.

ಇದನ್ನು ಕೇಳಿದವರೆಲ್ಲರ ರಕ್ತ ತಿಳಿಯಾಗಿರಲಿ, ಎಲೆ ಹಸಿರಾಗಿರಲಿ.