ನಾಲ್ಕನೆಯ ದಾರ

"ಶೆಡ್ಡಿನ ಮಕ್ಳು ಒಟ್ಟಾಗಿ ಒಂದ್ ಕೆಲ್ಸ ಮಾಡೋದಾ? ಆಗದ ಮಾತು ಬಿಡಿ ಮೇಡಂ," ಎಂದು ನಕ್ಕಿದ್ದವನು ನಮ್ಮ ಅಪ್ಪ-ಅವ್ವ ಕೂಲಿ ಮಾಡುತ್ತಿದ್ದ ವರ್ತೂರಿನ ಕಟ್ಟಡದ ಸೈಟಿನ ಮೇಸ್ತ್ರಿ. ನಮ್ಮ ಮನೆತನಕ್ಕೇ ಮೊದಲ ಡಿಗ್ರಿ ನನ್ನದು. ಆದರೂ ಇಂದು ಆಫೀಸಿನಲ್ಲಿ ಊಟದ ಪೊಟ್ಟಣದ ರಬ್ಬರ್ ಬ್ಯಾಂಡ್ ಬಿಚ್ಚಿದರೆ, ಆ ವಾಸನೆಗೆ ಅವನ ನಗುವೇ ಮೊದಲು ಕೇಳಿಸುತ್ತದೆ.

ಶೆಡ್ಡಿನ ಮಕ್ಕಳಿಗಾಗಿ ಭಾನುವಾರಗಳಂದು ನಡೆಯುತ್ತಿದ್ದ ಶಿಬಿರದಲ್ಲಿ, ನಮಗೆ ಕಲಿಸಲು ಬರುತ್ತಿದ್ದ ಮೇಡಂ ಒಂದು ರಬ್ಬರ್ ಬ್ಯಾಂಡಿಗೆ ನಾಲ್ಕು ದಾರ ಕಟ್ಟಿದ್ದರು. ನಾವು ನಾಲ್ವರು ಒಂದೊಂದು ದಾರ ಎಳೆದು ಬ್ಯಾಂಡನ್ನು ಅಗಲಿಸಿ, ಕೈ ತಾಗಿಸದೆ ಲೋಟದ ಮೇಲೆ ಲೋಟ ಇಡಬೇಕಿತ್ತು. ಬೀಳಿಸಿದೆವು, ಬೈದಾಡಿದೆವು. ಕೊನೆಗೆ ಗೆಳತಿ ರೇಣುಕಾ, "ರಾಡು ಎತ್ತೂವಾಗ ನಮ್ಮಪ್ಪ ಮಾಡ್ದಂಗ ಮಾಡೂಣು. ಎಲ್ಲಾರೂ ಒಮ್ಮಿಗೇ 'ಹೂಂ' ಅನ್ರಿ," ಎಂದಳು. ಲೋಟ ನಿಂತಿತು.

ಶಿಬಿರ ಮುಗಿಯುವ ಹಿಂದಿನ ದಿನ ಅವಳ ಅಪ್ಪ ಕಟ್ಟಡಕ್ಕೆ ಕಟ್ಟಿದ್ದ ಸಾರುವೆಯಿಂದ ಬಿದ್ದು ಸತ್ತ. ಹೆಣದ ಜೊತೆ ಅವಳೂ ರಾಯಚೂರಿಗೆ ಹೋದಳು. ಅವರ ಶೆಡ್ಡಿನ ತಗಡನ್ನು ಮೇಸ್ತ್ರಿ ಅಂದೇ ಬಿಚ್ಚಿಸಿದ.

"ಬೇರೆ ಯಾರನ್ನಾದ್ರೂ ಸೇರಿಸ್ಕೊಳ್ಳಿ," ಎಂದರು ಮೇಡಂ ಮರುದಿನ.

"ಬ್ಯಾಡ್ರಿ," ಎಂದು ಅವಳ ದಾರವನ್ನೂ ನಾನೇ ಎಡಗೈಗೆ ಸುತ್ತಿಕೊಂಡೆ. ಮೂವರೂ "ಹೂಂ" ಎಂದೆವು. ಕೊನೆಯ ಲೋಟ ಅಲುಗಾಡಿ ನಿಂತಿತು. ಚಪ್ಪಾಳೆ ತಟ್ಟಿದ್ದು ಮೇಡಂ ಒಬ್ಬರೇ.

ನಾಲ್ಕು ಸರ್ಟಿಫಿಕೇಟುಗಳನ್ನು ಮೊದಲೇ ಬರೆದಿಟ್ಟಿದ್ದರು. ನನ್ನದನ್ನು ಅವ್ವನ ಕೈಗೆ ಕೊಟ್ಟಾಗ, ಓದು ಬಾರದ ಅವಳು ಅದನ್ನು ಸೆರಗಿನಿಂದ ಒರೆಸಿದಳು. ಮೇಜಿನ ಮೇಲೆ ಉಳಿದಿದ್ದ ರೇಣುಕಾಳದನ್ನು ನೋಡಿದಳು.

"ಅದನ್ನೂ ಇಸ್ಕೊಂಡ್ ಬಾ ಯವ್ವಾ. ಆ ಕೂಸು ತಿರುಗಿ ಬಂದು ಕೇಳಿದ್ರ ಏನ್ ಕೊಡೂಣು?"