ಸುಲಭಕ್ಕೆ ಸಾಯದ ಮೀನು

ಹುಟ್ಟಿದ ವಾರದಲ್ಲೇ ಮಗು ತೀರಿಕೊಂಡ ಮೇಲೆ ಗಂಡ ಹೆಂಡತಿ ಜೊತೆಯಾಗಿ ಹೊರಗೆ ಬಂದದ್ದು ಅಂದೇ ಮೊದಲು. ಮನೇಲಿ ಸಾಕೋಕೆ ಮೀನು ತರೋಣ ಎಂದವಳು ರೋಹಿಣಿ. ಅವಳು ಏನನ್ನಾದರೂ ಬೇಕೆಂದು ಕೇಳಿದ್ದೇ ಯಶೋಧರನಿಗೆ ದೊಡ್ಡದಾಗಿ ಕಂಡಿತ್ತು.

"ಸುಲಭಕ್ಕೆ ಸಾಯದ ಮೀನು ಕೊಡಿ," ಎಂದಳು ಅಂಗಡಿಯವನಿಗೆ.

"ಗಪ್ಪಿ ತಗೊಳ್ಳಿ ಮೇಡಂ. ಎಂಥ ನೀರಿಗೂ ಒಗ್ಗುತ್ತೆ. ತಿಂಗಳು ತಿಂಗಳೂ ಮರಿ ಹಾಕುತ್ತೆ."

ಯಶೋಧರ ಹೆಂಡತಿಯ ಮುಖ ನೋಡಿದ. "ಮರಿ ಹಾಕೋದು ಬೇಡ," ಎಂದ ಮೆಲ್ಲಗೆ.

ಅಂಗಡಿಯವನು ಗಾಜಿನ ಜಾಡಿಯಲ್ಲಿದ್ದ ನೀಲಿ ಬಾಲದ ಫೈಟರ್ ಮೀನನ್ನು ತೋರಿಸಿದ. "ಇದಕ್ಕೆ ಗಾಳಿ ಮೋಟಾರೂ ಬೇಡ. ಒಂದೇ ಇದ್ರೂ ಆರಾಮಾಗಿರುತ್ತೆ."

"ಎರಡು ದಿನ ಫುಡ್ ಹಾಕೋದು ಮರೆತ್ರೆ?" ಎಂದಳು ರೋಹಿಣಿ.

"ತಡ್ಕೊಳ್ಳುತ್ತೆ."

"ನೀರು ಬದಲಿಸೋದು ತಡವಾದ್ರೆ?"

"ಸ್ವಲ್ಪ ತಡವಾದ್ರೆ ಏನೂ ಆಗಲ್ಲ. ಊರಿಗೆ ಹೋಗೋದಿದೆಯಾ?"

"ಎಲ್ಲಿಗೂ ಇಲ್ಲ," ಎಂದು ಯಶೋಧರ ನಕ್ಕ. ಎಷ್ಟೋ ತಿಂಗಳ ಮೇಲೆ ಬಂದ ನಗು. "ಇಬ್ಬರಿದ್ದೀವಲ್ಲ, ಯಾರಾದ್ರೂ ನೋಡ್ಕೋತೀವಿ." ತೊಟ್ಟಿಯನ್ನು ಕಿಟಕಿ ಪಕ್ಕ ಇಟ್ಟರೆ ಸಂಜೆ ಇಬ್ಬರೂ ಕೂತು ನೋಡಬಹುದು ಎಂದೂ ಹೇಳಿದ.

ಅಂಗಡಿಯವನು ಮೀನನ್ನು ನೀರಿನ ಚೀಲಕ್ಕೆ ಬಿಟ್ಟು, ರಬ್ಬರ್ ಬ್ಯಾಂಡ್ ಸುತ್ತಿ ಅವಳತ್ತ ಚಾಚಿದ. ಅವಳು ಕೈ ನೀಡಲಿಲ್ಲ.

"ಇವರಿಗೇ ಕೊಡಿ. ಎಷ್ಟು ಹಾಕಬೇಕು, ಯಾವಾಗ ಹಾಕಬೇಕು ಅಂತಲೂ ಇವರಿಗೇ ಹೇಳಿಕೊಡಿ. ನಾನು ನಾಳೆ ಅಮ್ಮನ ಮನೆಗೆ ಹೋಗ್ತಿದೀನಿ. ಇನ್ನು ಮನೇಲಿ ಇವರೊಬ್ಬರೇ."