ಮೇಷ್ಟ್ರ ಬಲಗಾಲು

ಕೊಳಾಯಿಯ ಧಾರೆಯನ್ನು ಸಣ್ಣಗೆ ಬಿಟ್ಟುಕೊಂಡು ಆಕೆ ಕಾರಿನ ಫಿಲ್ಟರ್ ತೊಳೆಯುತ್ತಿದ್ದಳು. ಒಳಗಿನಿಂದ ಹೊರಕ್ಕೆ, ಒಂದೊಂದೇ ಮಡಿಕೆ. ಒಗೆಯುವ ಕಲ್ಲಿನ ಮೇಲೆ ಹೊದಿಕೆ ಬಿಚ್ಚದ ಎರಡು ಬಟ್ಟೆ ಸೋಪು ಕೂತಿದ್ದವು. ಒಂದು ಬೆಡ್‌ಶೀಟು ಆಗಲೇ ಹಗ್ಗ ಏರಿತ್ತು. ಉಳಿದ ಬಟ್ಟೆ ಸರದಿ ಕಾಯುತ್ತಿತ್ತು.

"ಉಜ್ಜಬೇಡ. ಅದು ನಿನ್ನ ಬಾಣಲೆ ಅಲ್ಲ," ಎಂದರು ಹಿಂದೆ ಕೈಕಟ್ಟಿ ನಿಂತ ಮೇಷ್ಟ್ರು.

ಮೇಷ್ಟ್ರೆಂದರೆ ಡ್ರೈವಿಂಗ್ ಶಾಲೆಯ ಮೇಷ್ಟ್ರು, ಆಕೆಯ ಗಂಡ. ಶಾಲೆಗೆ ಒಂದು ಕಾರು, ಕಾರಿಗೆ ಎರಡು ಬ್ರೇಕು. ಮೇಷ್ಟ್ರ ಬಾಯಿಗೆ ಮಾತ್ರ ಒಂದೂ ಇರಲಿಲ್ಲ. ಊರಿನವರೆಲ್ಲ ಕಾಗದದ ಏರ್ ಫಿಲ್ಟರ್ ಕೊಳೆಯಾದೊಡನೆ ಬಿಸಾಕಿ ಹೊಸದು ಹಾಕಿಸುತ್ತಿದ್ದರು. ಮೇಷ್ಟ್ರು ತೊಳೆದು ಮತ್ತೆ ಹಾಕುವ ಬಟ್ಟೆಯ ಫಿಲ್ಟರ್ ತರಿಸಿದರು. ಅಂದಿನಿಂದ ಕಾರು ಕುದುರೆಯಾಯಿತು. ಹಾಗೆಂದು ಅವರೇ ಹೇಳಿಕೊಂಡರು. ಅದಕ್ಕೊಂದು ಶಾಸ್ತ್ರವನ್ನೂ ಕಟ್ಟಿದರು. ಬಿಸಿನೀರು ಕೂಡದು, ಬಿಸಿಲು ಕೂಡದು, ಇಡೀ ದಿನ ನೆರಳಲ್ಲಿ ಒಣಗಬೇಕು, ಆಮೇಲೆ ಹನಿ ಹನಿಯಾಗಿ ಎಣ್ಣೆ. ಶಾಸ್ತ್ರ ಅವರದು, ಕೈ ಹೆಂಡತಿಯದು. ತೊಳೆಯುವ ವಸ್ತುವಿಗೆ ಗಂಡಸು ಬೆರಳು ತಾಗಿಸಿದರೆ ಬೆರಳು ಸವೆಯುತ್ತದೆಂದು ನಂಬಿದ್ದ ಜೀವ. ಫಿಲ್ಟರ್ ಇಡುವ ಡಬ್ಬಿಯ ಮುಚ್ಚಳವನ್ನೂ ತೆಗೆದವರಲ್ಲ.

ಎದುರುಗಡೆ ಗ್ಯಾರೇಜಿತ್ತು. ಅದರ ಮೆಕ್ಯಾನಿಕ್‌ನ ತಾಯಿ ದೂರದ ಊರಿಂದ ಪತ್ರ ಬರೆದು ಮೇಷ್ಟ್ರ ಮಗಳನ್ನು ಕೇಳಿದ್ದಳು. ಮಗಳಿಗೂ ಮನಸ್ಸಿತ್ತು. ಒಪ್ಪಿಗೆಯ ಉತ್ತರವನ್ನು ಹೆಂಡತಿ ಅಂದೇ ಬರೆದು, ಲಕೋಟೆಗೆ ಅಂಚೆಚೀಟಿಯನ್ನೂ ಹಚ್ಚಿಟ್ಟಿದ್ದಳು. ಬೇಕಿದ್ದದ್ದು ಯಜಮಾನರ ಒಂದು ಸಹಿ. ಲಕೋಟೆ ತಿಂಗಳುಗಟ್ಟಲೆ ಗೋಡೆ ಗಡಿಯಾರದ ಹಿಂದೆ ಧೂಳು ತಿಂದಿತು. ಮೇಷ್ಟ್ರ ತಕರಾರು ಒಂದೇ: ಹುಡುಗ ಗಿರಾಕಿಗಳಿಗೆಲ್ಲ ಕಾಗದದ ಫಿಲ್ಟರ್ ಹಾಕುತ್ತಾನೆ.

"ಕೊಳೆ ಆಯ್ತು ಅಂತ ಬಿಸಾಕೋ ಕೈ ಅದು. ನಾಳೆ ಹೆಂಡ್ತಿಗೆ ವಯಸ್ಸಾಯ್ತು ಅಂತಾನೆ."

ಆಕೆ ಫಿಲ್ಟರ್ ತೊಳೆಯುತ್ತಿದ್ದ ಆ ಬೆಳಿಗ್ಗೆಯೇ ಮೆಕ್ಯಾನಿಕ್ ಗೇಟಿನ ಬಳಿ ಬಂದು ನಿಂತ. ಈ ವಾರ ಉತ್ತರ ಕೈಸೇರದಿದ್ದರೆ ತಾಯಿ ಬೇರೆ ಸಂಬಂಧ ಗೊತ್ತು ಮಾಡುತ್ತಾಳಂತೆ. ಇವತ್ತಿನ ಸಂಜೆಯ ಟಪಾಲು ತಪ್ಪಿದರೆ ಪತ್ರ ಮುಟ್ಟುವುದಿಲ್ಲ. ಅವನು ತಗ್ಗಿದ ದನಿಯಲ್ಲೇ ಹೇಳಿದ.

ಮೇಷ್ಟ್ರು ಮೀಸೆ ತಿರುವಿದರು. ತೊಳೆಯುವುದೇ ಮೇಲು ಎಂದು ಈಗಲೇ ಒಪ್ಪಿಕೋ, ಈಗಲೇ ಸಹಿ, ಎಂದರು.

"ಹುಡುಗಿ ಸಿಗ್ತಾಳೆ ಅಂತ ಸುಳ್ಳು ಹೇಳೋಕಾಗಲ್ಲ ಸಾರ್. ನಿಮ್ಮ ಕಾರಿಗೆ ಎರಡಕ್ಕೂ ವ್ಯತ್ಯಾಸವೇ ಗೊತ್ತಾಗಲ್ಲ."

"ಕಾರಿಗಲ್ಲಪ್ಪ, ನನ್ನ ಬಲಗಾಲಿಗೆ ಗೊತ್ತಾಗುತ್ತೆ."

ಪರೀಕ್ಷೆ ನಿಗದಿಯಾಯಿತು. ಮಧ್ಯಾಹ್ನ ಊಟವಾದ ಮೇಲೆ. ಹುಡುಗ ತನಗೆ ಬೇಕಾದ ಕ್ರಮದಲ್ಲಿ ಎರಡೂ ಫಿಲ್ಟರ್ ಹಾಕಬೇಕು, ಮೇಷ್ಟ್ರು ನೀರಿನ ಟ್ಯಾಂಕಿನ ದಿಬ್ಬ ಹತ್ತಿಳಿದು ಯಾವುದು ಯಾವುದೆಂದು ಹೇಳಬೇಕು. ತಪ್ಪಿದರೆ ಬಾಯಿ ಮುಚ್ಚಿ ಸಹಿ. ಸರಿಯಾದರೆ ಹುಡುಗ ಒಪ್ಪಿಕೊಳ್ಳಬೇಕು. ಒಪ್ಪದಿದ್ದರೆ ಲಕೋಟೆ ಒಲೆಗೆ.

"ಅಪ್ಪನ ಹಣೇಲಿ ಸೋಲು ಬರೆದಿಲ್ಲ, ನನ್ನ ಹಣೇಲಿ ಮದುವೆ ಬರೆದಿಲ್ಲ," ಎಂದು ಮಗಳು ಉಳಿದ ಬಟ್ಟೆ ಒಗೆಯಲು ಹೋದಳು. ಸೋಪು ಎಲ್ಲಿ ಹುಡುಕಿದರೂ ಸಿಗಲಿಲ್ಲ. ನಾಳೆ ಒಗೆದರಾಯಿತು ಬಿಡು ಎಂದಳು ತಾಯಿ.

ಕಲಿಯಲು ಬಂದ ಇಬ್ಬರು ಕಾರನ್ನು ಎದುರಿನ ಗ್ಯಾರೇಜಿಗೆ ತಳ್ಳಿದರು. ಫಿಲ್ಟರ್ ಇಲ್ಲದೆ ಇಂಜಿನ್ ಶುರು ಮಾಡುವುದು ಶಾಸ್ತ್ರಕ್ಕೆ ವಿರುದ್ಧ. ಇದೂ ಪಾಠವೇ ಎಂದು ಮೇಷ್ಟ್ರು ಒಳಗೆ ಕೂತೇ ಸ್ಟೇರಿಂಗ್ ಹಿಡಿದಿದ್ದರು. ಹೆಂಡತಿ ಎರಡೂ ಕೈಯಲ್ಲಿ ಡಬ್ಬಿ ಹೊತ್ತು ಹಿಂದೆ ನಡೆದಳು. ಲಕೋಟೆ ಚೀಲದಲ್ಲಿತ್ತು.

"ಎಲ್ಲಾ ಸರಿಯಾಗಿ ಮಾಡಿದ್ಯಾ?"

"ನಿಮ್ಮ ಶಾಸ್ತ್ರ ಒಂದಿಷ್ಟೂ ಮೀರಿಲ್ಲ ಕಣ್ರೀ."

ಬಾನೆಟ್ ಎದ್ದು ಗಾಜಿಗೆ ಅಡ್ಡವಾಯಿತು. ಮೆಕ್ಯಾನಿಕ್ ಕಾಗದದ ಹೊಸ ಫಿಲ್ಟರ್ ಕೈಗೆತ್ತಿಕೊಂಡ. ಆಮೇಲೆ ಡಬ್ಬಿಯ ಮುಚ್ಚಳ ತೆಗೆದ. ಒಳಗೆ ನೋಡಿದ. ಆಕೆಯ ಮುಖ ನೋಡಿದ. ಆಕೆ ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತಿದ್ದಳು.

"ಬಹಳ ಕ್ಲೀನಾಗಿದೆ ಅಮ್ಮ," ಎಂದು ಮುಚ್ಚಳ ಹಾಕಿದ.

ಮೊದಲ ಸುತ್ತು ಮುಗಿಸಿ ಬಂದ ಮೇಷ್ಟ್ರು ಮೂಗು ಮುರಿದರು. ಇದು ಕಾಗದ. ನೆಗಡಿಯಾದ ಎಮ್ಮೆ. ದಿಬ್ಬದಲ್ಲಿ ಉಸಿರೇ ಇಲ್ಲ.

ಬಾನೆಟ್ ಮತ್ತೆ ಎದ್ದಿತು, ಕ್ಲಿಪ್ಪುಗಳು ಸದ್ದು ಮಾಡಿದವು, ಬಾನೆಟ್ ಬಿದ್ದಿತು. ಎರಡನೆಯ ಸುತ್ತಿನಿಂದ ಮೇಷ್ಟ್ರು ಹಾರ್ನ್ ಹೊಡೆಯುತ್ತಲೇ ಇಳಿದರು. ಮುಖ ಮದುಮಗನಂತೆ ಹೊಳೆಯುತ್ತಿತ್ತು. ಇದು ನನ್ನದು, ಕಾಲಿಟ್ಟರೆ ಸಾಕು, ಹಾರುತ್ತೆ, ಕಿವುಡನಿಗೂ ಕೇಳಿಸುತ್ತೆ, ಎಂದು ಕಲಿಯುವವರಿಬ್ಬರಿಗೂ ಸಾರಿದರು. ಅವರು ಹೂಂ ಎಂದರು. ಅವರಿಗಿನ್ನೂ ಲೈಸೆನ್ಸ್ ಆಗಬೇಕಿತ್ತು.

"ಈಗ ಹೇಳಪ್ಪ," ಎಂದರು ಮೇಷ್ಟ್ರು.

ಮೆಕ್ಯಾನಿಕ್ ಕೈಯ ಜಿಡ್ಡು ಒರೆಸಿಕೊಂಡ.

"ಮೊದಲನೇದು ಕಾಗದ ಅಂದ್ರಿ, ಕಾಗದವೇ ಸಾರ್. ಇಂಥಾ ಬಲಗಾಲು ನಾನೆಲ್ಲೂ ನೋಡಿಲ್ಲ. ಇನ್ನು ನಿಮ್ಮ ಹತ್ರ ವಾದ ಮಾಡಲ್ಲ."

ಮೇಷ್ಟ್ರಿಗೆ ಅಷ್ಟೇ ಸಾಕಾಯಿತು. ಗೆದ್ದವನ ಔದಾರ್ಯ ಉಕ್ಕಿತು. ಹುಡುಗ ತಿದ್ದಿಕೊಳ್ಳುವ ಜಾತಿ ಎಂದು ಬಾನೆಟ್ಟಿನ ಮೇಲೇ ಪತ್ರವಿಟ್ಟು, ಅಡಿಗೆರೆ ಎರಡೆಳೆದು ಸಹಿ ಹಾಕಿದರು. ಅವನ ಭುಜ ತಟ್ಟಿ, ಅಳಿಯನಾಗುವವನಿಗೆ ಫಿಲ್ಟರ್ ಶಾಸ್ತ್ರವನ್ನು ಮೊದಲಿನಿಂದ ಹೇಳತೊಡಗಿದರು.

ಹೆಂಡತಿ ಅಂಟು ಹಚ್ಚಿ, ರಸ್ತೆ ತಿರುವಿನ ಅಂಚೆಪೆಟ್ಟಿಗೆಯವರೆಗೆ ನಡೆದಳು. ಲಕೋಟೆಯನ್ನು ಒಳಗೆ ಬಿಟ್ಟು, ಅದು ತಳ ಮುಟ್ಟಿದ ಸದ್ದು ಕೇಳುವವರೆಗೆ ನಿಂತಳು. ಟಪಾಲಿನವನ ಸೈಕಲ್ಲು ಆಗಲೇ ಬರುತ್ತಿತ್ತು.

ಮನೆಗೆ ಬಂದು, ಡಬ್ಬಿಯೊಳಗಿನ ಎರಡು ಬಟ್ಟೆ ಸೋಪನ್ನು ತೆಗೆದು ಕಲ್ಲಿನ ಮೇಲಿಟ್ಟಳು. ಮೇಲೆ, ಬೆಡ್‌ಶೀಟಿನ ಮರೆಯಲ್ಲಿ, ಫಿಲ್ಟರ್ ಇನ್ನೂ ತೊಟ್ಟಿಕ್ಕುತ್ತಿತ್ತು.